ಏಳು ದಿನ ಯಾರೂ ಮುಟ್ಟದ್ದು

ವೆಂಕಟಸುಬ್ಬಯ್ಯನವರು ಹೊಸ ಕೆಲಸಕ್ಕೆ ಸೇರಿದ ಮೂರನೆಯ ದಿನವೇ ವಿಸಿಟಿಂಗ್ ಕಾರ್ಡು ಮಾಡಿಸಿಕೊಂಡರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರಿನ ಕೆಳಗೆ ‘ಮುಖ್ಯ ದಾಖಲೆ ಅಧಿಕಾರಿ’ ಎಂದು ಅಚ್ಚು ಹಾಕಿಸಿದರು. ಕಂಪನಿ ಕೊಟ್ಟ ಪತ್ರದಲ್ಲಿ ‘ಡಾಕ್ಯುಮೆಂಟೇಶನ್, ಮೂರು ತಿಂಗಳು ಪ್ರೊಬೇಷನ್’ ಎಂದಷ್ಟೇ ಇತ್ತು. ಇಡೀ ಕಂಪನಿಯಲ್ಲಿ ದಾಖಲೆ ಬರೆಯುವವನು ನಾನೊಬ್ಬನೇ, ಹಾಗಿದ್ದ ಮೇಲೆ ಮುಖ್ಯನೂ ನಾನೇ ಅಲ್ಲವೇ ಎಂಬುದು ಅವರ ವಾದ. ಈ ವಾದವನ್ನು ಹೆಂಡತಿ ವಿಮಲಾ ಎದುರು ಮಂಡಿಸಿದಾಗ ಆಕೆ ಒಗ್ಗರಣೆಗೆ ಇನ್ನಷ್ಟು ಸಾಸಿವೆ ಹಾಕಿದರು. ವಾರ ಕಳೆಯುವುದರೊಳಗೆ ಬೊರಿವಲಿಯ ಅವರ ಬಿಲ್ಡಿಂಗಿನ ಇಪ್ಪತ್ತನಾಲ್ಕು ಮನೆಗಳಿಗೂ ಆ ಕಾರ್ಡು ತಲುಪಿತು.

ಕಾರ್ಡಿನ ಆಸೆಗೆ ಕಾರಣವಿತ್ತು. ಮೂವತ್ತೊಂದು ವರ್ಷ ಅವರು ಒಂದು ಮಿಕ್ಸರ್ ಕಂಪನಿಗೆ ಕೈಪಿಡಿ ಬರೆದವರು. ‘ಮಿಕ್ಸರ್ ಓಡುತ್ತಿರುವಾಗ ಮುಚ್ಚಳ ತೆರೆಯಬೇಡಿ’ ಎಂಬ ವಾಕ್ಯ ಅವರದೇ. ಅದನ್ನು ಓದದವರ ಅಡುಗೆಮನೆಯ ಗೋಡೆ ನೋಡಿದರೆ ಆ ವಾಕ್ಯದ ಯೋಗ್ಯತೆ ತಿಳಿಯುತ್ತದೆ. ಕಂಪನಿ ಮುಚ್ಚಿತು. ಐವತ್ತೆಂಟರ ವಯಸ್ಸಿನಲ್ಲಿ ವೆಂಕಟಸುಬ್ಬಯ್ಯನವರು ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದೂವರೆ ವರ್ಷ ಕೂತರು. ಮೊದಲ ತಿಂಗಳು ಎದುರಿಗೆ ಸಿಕ್ಕವರು ‘ಎಲ್ಲಾದ್ರೂ ಆಯ್ತಾ?’ ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಅದರಿಂದ ಅವರಿಗೆ ಬಹಳ ನೋವಾಗಿತ್ತು.

ಹೊಸ ಕಂಪನಿ ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿತ್ತು. ಕೆಳಗೆ ಬೋಲ್ಟು ತಯಾರಿಸುವವರು, ಮೇಲೆ ರಾಹುಲ್. ರಾಹುಲನೇ ಮಾಲೀಕ, ವಯಸ್ಸು ಇಪ್ಪತ್ತೊಂಬತ್ತು. ತಂದೆತಾಯಿ ಬೆಂಗಳೂರಿನವರಾದರೂ ಹುಟ್ಟಿ ಬೆಳೆದದ್ದು ಮುಂಬಯಿ. ಅವನ ಕನ್ನಡ ಸಿಗ್ನಲ್ಲು ಸಿಕ್ಕ ಕಡೆಯೆಲ್ಲ ನಿಲ್ಲುತ್ತಾ ಬರುತ್ತಿತ್ತು.

“ಅಂಕಲ್, ಈಗ ಕೋಡ್ ಬರೆಯೋದು ಮನುಷ್ಯರಲ್ಲ, ಏಜೆಂಟು. ಎಐ ಏಜೆಂಟು. ನಾವು ಏನ್ ಬೇಕು ಹೇಳಿದ್ರೆ ಅದೇ ಬರೀತದೆ. ಲೇಕಿನ್ ಪ್ರಾಬ್ಲಮ್ ಏನು ಅಂದ್ರೆ, ಅದು ಕೆಲ್ಸ ಮಾಡ್ವಾಗ ‘ಮತ್ತೆ ಬೇಕಾಗಬಹುದು’ ಅಂತ ಎಲ್ಲಾ ಇಟ್ಕೊತದೆ. ಹಳೇದು, ಅರ್ಧದ್ದು, ಕಾಪಿಯ ಕಾಪಿ. ಅದಕ್ಕೆ ಕ್ಯಾಶೆ ಅಂತಾರೆ. ಅದು ತುಂಬಿ ತುಂಬಿ ಕಂಪ್ಯೂಟರ್ ಸ್ಲೋ ಆಗ್ತದೆ.”

“ಅಂದ್ರೆ ನಮ್ಮನೆ ಫ್ರಿಜ್ಜು,” ಎಂದರು ವೆಂಕಟಸುಬ್ಬಯ್ಯ.

“ಎಗ್ಜಾಕ್ಟ್ಲಿ! ಅದನ್ನ ಸಾಫ್ ಮಾಡೋದು ನಮ್ಮ ಟೂಲ್. ಹೆಸರು ಝಾಡೂ, ಅಂದ್ರೆ ಪೊರಕೆ. ಏಳು ದಿನ ಯಾರೂ ಮುಟ್ಟಿಲ್ಲ ಅಂದ್ರೆ ಕೇಳೋದೇ ಇಲ್ಲ, ಏಕ್‌ದಮ್ ಗುಡಿಸಿಹಾಕ್ತದೆ. ನೀವು ಇದಕ್ಕೆ ಕೈಪಿಡಿ ಬರೀಬೇಕು, ಹಿಂದೀಲಿ. ನಮ್ಮ ಕಸ್ಟಮರ್ ಎಲ್ಲಾ ಕಡೆ ಇದ್ದಾರೆ, ಸೋ ಟೆಕ್ನಿಕಲ್ ವರ್ಡ್ ಒಂದೂ ಬೇಡ. ವಾಚ್‌ಮನ್ ಓದಿದ್ರೂ ಸಮಝ್ ಆಗ್ಬೇಕು.”

ವೆಂಕಟಸುಬ್ಬಯ್ಯನವರು ಈ ಕೊನೆಯ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದರು. ಮುಂದಿನ ಅನಾಹುತಕ್ಕೆಲ್ಲ ಆ ಅಡಿಗೆರೆಯೇ ಮೂಲ.

“ಸೋಮವಾರ ಹನ್ನೊಂದಕ್ಕೆ ಬಾಂದ್ರಾದಿಂದ ಪ್ರಫುಲ್ಲಾ ಮ್ಯಾಡಮ್ ಬರ್ತಾರೆ, ದೊಡ್ಡ ಪಾರ್ಟಿ,” ಎಂದ ರಾಹುಲ್. ಆಮೇಲೆ ದನಿ ತಗ್ಗಿಸಿದ. “ಅಷ್ಟರಲ್ಲಿ ರೆಡಿ ಆಗ್ಲಿಲ್ಲ ಅಂದ್ರೆ ನಾನು ಏಜೆಂಟ್ ಕೈಲೇ ಬರೆಸಿಬಿಡ್ತೀನಿ. ಬುರಾ ಮತ್ ಮಾನೋ ಅಂಕಲ್. ಮತ್ತೆ ನಿಮ್ಮ ಪ್ರೊಬೇಷನ್ ಕೂಡಾ… ಮುಷ್ಕಿಲ್ ಆಗ್ತದೆ.”

ಮತ್ತೆ ಆ ಪ್ಲಾಸ್ಟಿಕ್ ಕುರ್ಚಿ ಕಣ್ಣ ಮುಂದೆ ಬಂತು. ಶುಕ್ರವಾರ ಸಂಜೆ ಮನೆಗೆ ಬಂದವರೇ ಬರೆಯಲು ಕೂತರು. ಟೆಕ್ನಿಕಲ್ ಪದಗಳನ್ನು ಹುಡುಕಿ ಹುಡುಕಿ ಹೊಡೆದುಹಾಕಿದರು. ‘ಫೈಲು’ ಹೋಗಿ ‘ವಸ್ತು’ ಬಂತು. ‘ಡಿಸ್ಕು’ ಹೋಗಿ ‘ಜಾಗ’ ಬಂತು. ‘ಏಜೆಂಟು’ ಹೋಗಿ ‘ಒಳಗಿರುವವರು’ ಬಂತು. ಕೊನೆಗೆ ‘ಕಂಪ್ಯೂಟರ್’ ಎಂಬ ಪದವೂ ಕಣ್ಣಿಗೆ ಬಿದ್ದು, ಅದೂ ಟೆಕ್ನಿಕಲ್ಲೇ ಅಲ್ಲವೇ ಎನಿಸಿ, ಅದನ್ನೂ ತೆಗೆದರು. ಮರುದಿನ ಬೆಳಿಗ್ಗೆ ಕೆಳಗಿನ ಝೆರಾಕ್ಸ್ ಅಂಗಡಿಯಲ್ಲಿ ಅಚ್ಚಾಗಿ ಬಂದ ಹಾಳೆ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

*ಝಾಡೂ: ಜಾಗ ಖಾಲಿ ಮಾಡುವ ಕ್ರಮ*
*೧. ಏಳು ದಿನದಿಂದ ಯಾರೂ ಮುಟ್ಟದ ವಸ್ತುಗಳನ್ನು ಗುರುತಿಸಲಾಗುವುದು.*
*೨. ಗುರುತಿಸಿದ್ದನ್ನೆಲ್ಲ, ಯಾರನ್ನೂ ಕೇಳದೆ, ಒಂದೇ ಸಲಕ್ಕೆ ತೆಗೆದುಹಾಕಲಾಗುವುದು.*
*೩. ತೆಗೆದುಹಾಕಿದ್ದು ಮರಳಿ ಸಿಗುವುದಿಲ್ಲ.*
*೪. ಜಾಗ ಖಾಲಿಯಾದ ಮೇಲೆ ಒಳಗಿರುವವರೆಲ್ಲರೂ ಚುರುಕಾಗುವರು.*
*ವೆಂಕಟಸುಬ್ಬಯ್ಯ, ಮುಖ್ಯ ದಾಖಲೆ ಅಧಿಕಾರಿ*

ಮಿಕ್ಸರ್ ಕಂಪನಿಯ ಕಾಲದಿಂದ ಅವರದೊಂದು ಪದ್ಧತಿ. ಕೈಪಿಡಿಯ ಮೊದಲ ಪ್ರತಿಯನ್ನು ವಿಷಯವೇ ಗೊತ್ತಿಲ್ಲದವರ ಕೈಗೆ ಕೊಟ್ಟು ಓದಿಸಬೇಕು. ವಾಚ್‌ಮನ್ ಎಂದು ರಾಹುಲನೇ ಹೇಳಿದ್ದನಲ್ಲ. ಬಿಲ್ಡಿಂಗಿನ ವಾಚ್‌ಮನ್ ಶಿವಪುತ್ರ, ವಿಜಾಪುರದ ಕಡೆಯವನು, ಗೇಟಿನ ಬಳಿಯೇ ಕೂತಿದ್ದ.

“ಶಿವಪುತ್ರ, ಇದನ್ನ ಓದಿ, ಅರ್ಥ ಆಯ್ತೋ ಇಲ್ವೋ ಹೇಳಪ್ಪ.”

ಶಿವಪುತ್ರ ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ. “ಪೂರಾ ತಿಳೀತ್ರಿ ಸಾಹೇಬ್ರ. ಇದನ್ನ ಯಾವಾಗೋ ಮಾಡಬೇಕಾಗಿತ್ರಿ.”

“ಅನುಮಾನ ಏನಾದ್ರೂ ಇದ್ಯಾ? ಸಂಕೋಚ ಪಡಬೇಡ.”

“ಎಂದಿಂದ ಚಾಲೂ ಅಂತ ಬರದಿಲ್ರಿ.”

“ಇವತ್ತಿಂದಲೇ ಅಂದ್ಕೋ!” ಎಂದು ಅವನ ಭುಜ ತಟ್ಟಿ, ಹಾಳೆಯನ್ನು ಅವನ ಕೈಯಲ್ಲೇ ಬಿಟ್ಟು, ಗುನುಗುತ್ತ ತರಕಾರಿ ತರಲು ಹೋದರು. ವಾಚ್‌ಮನ್ ಓದಿ ಪೂರಾ ತಿಳಿದುಕೊಂಡ ಕೈಪಿಡಿ ಪ್ರಪಂಚದಲ್ಲಿ ಇನ್ನೊಂದಿರಲಾರದು ಎಂಬ ಹೆಮ್ಮೆಯಲ್ಲಿ ಮೆಂತ್ಯದ ಸೊಪ್ಪಿಗೆ ಚೌಕಾಸಿ ಮಾಡುವುದನ್ನೂ ಮರೆತರು.

ಶಿವಪುತ್ರ ಹಾಳೆಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದ.

ಸೊಸೈಟಿಯ ಸೆಕ್ರೆಟರಿ ಚೆನ್ನಯ ಎಂಬವರು. ಕಾರ್ಕಳದ ಕಡೆಯವರು, ಫೋರ್ಟಿನಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿದವರು. ಮೆಟ್ಟಿಲ ಕೆಳಗೆ, ಪ್ಯಾಸೇಜಿನಲ್ಲಿ, ಟೆರೇಸಿನಲ್ಲಿ ಜನ ತುಂಬಿಟ್ಟ ಸಾಮಾನು ತೆಗೆಸಲು ಹನ್ನೊಂದು ವರ್ಷದಿಂದ ಹದಿನೇಳು ನೋಟಿಸು ಹಾಕಿ ಸೋತಿದ್ದರು. ಅವರ ನೋಟಿಸುಗಳೆಲ್ಲ ‘ದಯವಿಟ್ಟು’ ಎಂದು ಶುರುವಾಗುತ್ತಿದ್ದವು. ಈ ಹೊಸ ಹಾಳೆಯಲ್ಲಿ ದಯೆಯ ಸುಳಿವೇ ಇರಲಿಲ್ಲ. ಮೇಲಾಗಿ ಕೆಳಗೆ ಅಧಿಕಾರಿಯ ಹೆಸರು. ಆ ಅಧಿಕಾರಿಯ ಕಾರ್ಡು ಎಲ್ಲರ ಮನೆಯ ಟಿವಿ ಮೇಜಿನ ಮೇಲೂ ಇತ್ತು. ಯಾವ ಇಲಾಖೆಯ ಅಧಿಕಾರಿ ಎಂದು ಯಾರೂ ಕೇಳಿರಲಿಲ್ಲ.

ವೆಂಕಟಸುಬ್ಬಯ್ಯನವರು ಚೀಲ ಹಿಡಿದು ಹಿಂತಿರುಗುವಷ್ಟರಲ್ಲಿ ಗೇಟಿನಲ್ಲಿ ಚೆನ್ನಯ ಕರೆಸಿದ ಗುಜರಿ ಟೆಂಪೋ ನಿಂತಿತ್ತು. ತೊಟ್ಟಿಲು, ತುಕ್ಕು ಹಿಡಿದ ಮೂರು ಸೈಕಲ್ಲು, ಸತ್ತ ಕೂಲರುಗಳು, ಒಡೆದ ಕಮೋಡು ಮೆರವಣಿಗೆಯಲ್ಲಿ ಹೊರಬರುತ್ತಿದ್ದವು. ಎರಡನೆಯ ಮಹಡಿಯ ರಿಟೈರ್ಡ್ ಪೊಲೀಸರೊಬ್ಬರು ತಮ್ಮ ಟ್ರೆಡ್‌ಮಿಲ್ಲನ್ನು ತಾವೇ ಎಳೆದು ತಂದು, “ಏಳು ದಿನ ಯಾಕೆ, ಏಳು ವರ್ಷದಿಂದ ಮುಟ್ಟಿಲ್ಲ,” ಎಂದು ತಪ್ಪೊಪ್ಪಿಕೊಂಡು ಸೆಲ್ಯೂಟ್ ಹೊಡೆದರು.

ನೋಟಿಸ್ ಬೋರ್ಡಿನಲ್ಲಿ ತಮ್ಮ ಹಾಳೆ ಕಂಡಾಗ ವೆಂಕಟಸುಬ್ಬಯ್ಯನವರಿಗೆ ಎಲ್ಲ ಅರ್ಥವಾಯಿತು. ಇದು ಕಂಪ್ಯೂಟರಿನದು, ಬಿಲ್ಡಿಂಗಿನದಲ್ಲ ಎನ್ನಲು ಬಾಯಿ ತೆರೆದರು.

“ಬನ್ನಿ, ಬನ್ನಿ!” ಚೆನ್ನಯ ಓಡಿಬಂದು ಕೈ ಹಿಡಿದರು. “ಎಂತಹ ಮನುಷ್ಯ ಮಾರಾಯ್ರೆ ನೀವು! ಹನ್ನೊಂದು ವರ್ಷ ನಾನು ಬೊಬ್ಬೆ ಹೊಡೆದದ್ದು ವೇಸ್ಟ್. ನೀವು ನಾಲ್ಕೇ ಲೈನು ಬರೆದದ್ದು. ಯಾವ ಇಲಾಖೆ ಅಂತ ನಾನು ಕೇಳುದಿಲ್ಲ, ಗುಟ್ಟು ಇರ್ತದೆ, ನನಗೆ ಗೊತ್ತುಂಟು. ಏ ಶಿವಪುತ್ರ, ಸಾಹೇಬ್ರಿಗೆ ಕುರ್ಚಿ ತಾ! ಚಹಾ ಹೇಳು!”

ಕುರ್ಚಿ ಬಂತು. ಒಂದೂವರೆ ವರ್ಷದಲ್ಲಿ ಬೇರೆಯವರು ಅವರಿಗಾಗಿ ಎಳೆದ ಮೊದಲ ಕುರ್ಚಿ ಅದು. ವೆಂಕಟಸುಬ್ಬಯ್ಯನವರು ತೆರೆದ ಬಾಯಿಯನ್ನು ಚಹಾಕ್ಕೆ ಉಪಯೋಗಿಸಿದರು. ಟೆಂಪೋ ಹೊರಡುವಾಗ ಕೈ ಕೂಡ ಬೀಸಿದರು.

ಈ ರಾಜ್ಯಭಾರ ಭಾನುವಾರ ಬೆಳಿಗ್ಗೆ ಎಂಟು ಗಂಟೆಯವರೆಗೆ ನಡೆಯಿತು. ಎಂಟಕ್ಕೆ, ಕಲ್ಯಾಣದಲ್ಲಿರುವ ಮಗಳ ಮನೆಗೆ ಹೋಗಿದ್ದ ನೆಲಮಹಡಿಯ ಇಂದ್ರಾಬಾಯಿ ಹಿಂತಿರುಗಿದರು. ಬೆಳಗಾವಿಯ ಕಡೆಯ ಹೆಂಗಸು, ಅರವತ್ತು ದಾಟಿದವರು. ಅವರ ಕೂಗು ಮೂರನೆಯ ಮಹಡಿಯಲ್ಲಿ ದೋಸೆ ಹುಯ್ಯುತ್ತಿದ್ದ ವಿಮಲಾಗೂ ಕೇಳಿತು.

“ಅಯ್ಯಯ್ಯೋ! ನನ್ನ ಗಣಪ್ಪನ ಚೌರಂಗ ಎಲ್ಲೈತಿ? ಜಿನಿ ಬುಡಕ, ಮೆಟ್ಟಲ ಕೆಳಗ, ಗೋಣಿಚೀಲದಾಗ ಸುತ್ತಿ ಇಟ್ಟಿದ್ನೆಲಾ!”

ಚೌರಂಗವೆಂದರೆ ಬಿಲ್ಡಿಂಗಿನ ಗಣಪತಿ ಕೂರುವ ತೇಗದ ಪೀಠ. ಬಡಗಿಯಾಗಿದ್ದ ಇಂದ್ರಾಬಾಯಿಯ ಗಂಡ ಸಾಯುವ ವರ್ಷ ತಾವೇ ಕೆತ್ತಿ ಕೊಟ್ಟದ್ದು. ಇಪ್ಪತ್ತೆರಡು ವರ್ಷದಿಂದ ಗಣಪತಿ ಅದರ ಮೇಲೆಯೇ ಕೂತಿದ್ದಾನೆ. ವರ್ಷಕ್ಕೊಮ್ಮೆ ಹೊರಬರುವ ವಸ್ತುವನ್ನು ಏಳು ದಿನದಿಂದ ಯಾರೂ ಮುಟ್ಟಿರಲಿಲ್ಲ ಎಂಬುದು ನಿಜವೇ. ಗಣಪತಿ ಹಬ್ಬಕ್ಕೆ ಇನ್ನು ಹನ್ನೆರಡು ದಿನವಿತ್ತು.

ಇಪ್ಪತ್ತನಾಲ್ಕು ಮನೆಯವರೂ ಕೆಳಗಿಳಿದರು. ನಿನ್ನೆ ಸೆಲ್ಯೂಟ್ ಹೊಡೆದ ಪೊಲೀಸರು ಇಂದು ಲಾಠಿ ಹುಡುಕುವವರಂತೆ ಸುತ್ತಮುತ್ತ ನೋಡಿದರು. ಚೆನ್ನಯ ಬೋರ್ಡಿನತ್ತ ಬೆರಳು ಮಾಡಿ, “ನಂದು ಎಂತದೂ ಇಲ್ಲ. ಆರ್ಡರ್ ಇವರದ್ದು. ಸೈನ್ ಉಂಟಲ್ಲ!” ಎಂದರು.

“ಯಾವ ಇಲಾಖೇರಿ ನಿಮ್ದು?” ಎಂದರು ಇಂದ್ರಾಬಾಯಿ ಸೊಂಟಕ್ಕೆ ಕೈಯಿಟ್ಟು. “ದೇವರ ಕುರ್ಚಿ ಕಸಕ್ಕ ಹಾಕೂ ಇಲಾಖಾ?”

ವೆಂಕಟಸುಬ್ಬಯ್ಯನವರು ಆಗ ಸತ್ಯ ಹೇಳಿದರು. ಕಂಪ್ಯೂಟರಿನೊಳಗೆ ಏಜೆಂಟುಗಳಿರುತ್ತವೆ, ಅವು ಕೂಡಿಟ್ಟದ್ದನ್ನು ಗುಡಿಸುವ ಝಾಡೂ ಒಂದಿದೆ, ಈ ಹಾಳೆ ಆ ಝಾಡೂವಿನದು ಎಂದು ವಿವರಿಸಿದರು. ಸತ್ಯವನ್ನು ಒಬ್ಬರೂ ನಂಬಲಿಲ್ಲ. ಮೇಲಿನ ಬಾಲ್ಕನಿಯಿಂದ ವಿಮಲಾ ಒಬ್ಬರೇ, “ನಂಬಿ, ನಿಜವಾಗ್ಲೂ ಅವರು ಅಧಿಕಾರಿ ಅಲ್ಲ!” ಎಂದು ಗಂಡನ ಪರ ಸಾಕ್ಷಿ ನುಡಿದರು.

“ಟೆಂಪೋ ಧಾರಾವಿಗೆ ಹೋಗೈತ್ರಿ, ಬಸವಂತರಾಯನ ಗೋಡೌನಿಗೆ,” ಎಂದ ಶಿವಪುತ್ರ. “ನಮ್ಮ ಕಡೆಯಾಂವ ಅದಾನ. ನಡೀರಿ, ಹೋಗೂಣು.”

ಶಿವಪುತ್ರ, ವೆಂಕಟಸುಬ್ಬಯ್ಯ, ಇಂದ್ರಾಬಾಯಿ ಮೂವರೂ ಹೊರಟರು. ಇಂದ್ರಾಬಾಯಿ ಲೇಡೀಸ್ ಡಬ್ಬ ಬಿಟ್ಟು ಜನರಲ್ ಡಬ್ಬಕ್ಕೇ ಹತ್ತಿದರು, ಅಪರಾಧಿ ನಡುವೆ ಎಲ್ಲಾದರೂ ಇಳಿದುಬಿಟ್ಟರೆ ಎಂದು. ಬಾಂದ್ರಾದಲ್ಲಿ ಲೋಕಲ್ ಬದಲಿಸಿ, ಮಾಹಿಮಿನಲ್ಲಿ ಇಳಿದು, ಸೇತುವೆ ದಾಟಿ ಧಾರಾವಿಗೆ ನಡೆದರು. ದಾರಿಯುದ್ದಕ್ಕೂ ವೆಂಕಟಸುಬ್ಬಯ್ಯನವರಿಗೆ ತಾವೇ ಬರೆದ ಮೂರನೆಯ ಕ್ರಮ ನೆನಪಾಗುತ್ತಿತ್ತು. ತೆಗೆದುಹಾಕಿದ್ದು ಮರಳಿ ಸಿಗುವುದಿಲ್ಲ. ಎಂಥ ಕೆಟ್ಟ ವಾಕ್ಯ ಬರೆದೆನಪ್ಪ ಎಂದು ಜೀವನದಲ್ಲಿ ಮೊದಲ ಸಲ ತಮ್ಮ ಬರವಣಿಗೆಯ ಮೇಲೆ ತಮಗೇ ಸಿಟ್ಟು ಬಂತು.

ಬಸವಂತರಾಯನ ಗೋಡೌನಿನಲ್ಲಿ ಹತ್ತು ಜನ ಹತ್ತು ಬಗೆಯ ಸಾಮಾನು ಒಡೆಯುತ್ತಿದ್ದರು. ವೆಂಕಟಸುಬ್ಬಯ್ಯನವರು ಒಡೆದ ಮರದ ರಾಶಿಯಲ್ಲಿ ಚೌರಂಗದ ಕಾಲು ಹುಡುಕಿದರು. ಆದರೆ ಬಸವಂತರಾಯ, ದೊಡ್ಡ ಮೀಸೆಯ ನಿಧಾನದ ಮನುಷ್ಯ, ಕೂತಲ್ಲಿಂದ ಏಳದೆ ಗೋಡೆಯ ಕಡೆ ತೋರಿಸಿದ.

“ನಿನ್ನೆ ಬಂದದ್ದು ಅಲ್ಲಿ ಐತ್ರಿ. ಒಂದ್ ದಿನದ ಮೂಲ್ಯಾಗ.”

“ಏನದು, ಒಂದು ದಿನದ ಮೂಲೆ?”

“ಬಂದ ದಿನ ನಾವು ಏನೂ ಒಡ್ಯಂಗಿಲ್ರಿ. ಒಂದ್ ದಿನ ಅಲ್ಲೇ ಬಿಡ್ತೀವಿ. ಮಂದಿ ಸಿಟ್ಟಿಲೆ ಒಗೀತಾರ, ಮರದಿನ ಅಳಕೋತ ಬರ್ತಾರ. ಹೋದ ತಿಂಗಳ ಬಾಂದ್ರಾದಾಂವ ಒಬ್ಬಾಂವ ಅವ್ವನ ಹೊಲಿಗಿ ಮಷೀನ್ ಒಗದಿದ್ದ. ಮರದಿನ ದೊಡ್ಡ ಗಾಡ್ಯಾಗ ಬಂದು ಇಲ್ಲೇ ಕುಂತು ಅತ್ತ. ಒಂದ್ ದಿನ ದಾಟಿದ್ರ ಮುಂದ ಯಾರೂ ಬರಂಗಿಲ್ಲ. ಆಮ್ಯಾಲ ಒಡೀತೀವಿ.”

ಮೂಲೆಯಲ್ಲಿ, ಟ್ರೆಡ್‌ಮಿಲ್ಲಿನ ಹಿಂದೆ, ಗೋಣಿಚೀಲದಲ್ಲಿ ಸುತ್ತಿಕೊಂಡೇ ಚೌರಂಗವಿತ್ತು. ಇಂದ್ರಾಬಾಯಿ ಚೀಲ ಬಿಚ್ಚಿ ಅದರ ಅಂಚನ್ನು ಸೆರಗಿನಿಂದ ಒರೆಸಿದರು. ಆಮೇಲೆ ವೆಂಕಟಸುಬ್ಬಯ್ಯನವರ ಕಡೆ ತಿರುಗಿ ಮೆಲ್ಲಗೆ, “ನನ್ನ ಒಂದ್ ಮಾತು ಕೇಳಬಾರದಾಗಿತ್ತೇನ್ರಿ? ಯಾರದಿದು ಅಂತ ಒಂದ ಸಲ?” ಎಂದರು.

ವೆಂಕಟಸುಬ್ಬಯ್ಯನವರು ಜೇಬಿನಿಂದ ಪೆನ್ನು ತೆಗೆದು, ಇಂದ್ರಾಬಾಯಿಯ ಆ ಪ್ರಶ್ನೆಯನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅದರ ಕೆಳಗೆ ‘ಒಂದು ದಿನದ ಮೂಲೆ’ ಎಂದು ಬರೆದು, ಹಳೆಯ ಅಭ್ಯಾಸದಂತೆ ಅಡಿಗೆರೆ ಎಳೆದರು. ಶಿವಪುತ್ರ ಚೌರಂಗವನ್ನು ತಲೆಯ ಮೇಲಿಟ್ಟುಕೊಂಡ. ಲಗೇಜ್ ಡಬ್ಬದಲ್ಲಿ ಬರುತ್ತ, ಅದೇ ಚೌರಂಗವನ್ನು ಮೇಜು ಮಾಡಿಕೊಂಡು, ಇಂದ್ರಾಬಾಯಿಯ ಅನುಮತಿ ಪಡೆದು, ಮುಖ್ಯ ದಾಖಲೆ ಅಧಿಕಾರಿಗಳು ಕೈಪಿಡಿಯನ್ನು ಮೊದಲಿನಿಂದ ಬರೆದರು. ಈ ಸಲ ‘ಕಂಪ್ಯೂಟರ್’ ಎಂಬ ಪದವನ್ನು ಮೂರು ಕಡೆ ಹಾಕಿದರು.

ಸೋಮವಾರ ಹತ್ತೂ ಮುಕ್ಕಾಲಿಗೆ ರಾಹುಲ್ ಅದನ್ನು ಓದಿ ತಲೆಗೆ ಕೈಯಿಟ್ಟುಕೊಂಡ.

“ಅಂಕಲ್! ಯೇ ಕ್ಯಾ ಹೈ? ‘ಮೊದಲು ಪಟ್ಟಿ ತೋರಿಸುವುದು, ತೋರಿಸುವುದಷ್ಟೇ, ಮುಟ್ಟಕೂಡದು.’ ನಮ್ಮ ಝಾಡೂ ಹಾಗೆ ಮಾಡೋದೇ ಇಲ್ಲ! ‘ಇದು ಯಾರದು ಎಂದು ಕೇಳುವುದು. ಬೇಕು ಎಂದವರ ವಸ್ತುವಿಗೆ ಚೀಟಿ ಅಂಟಿಸುವುದು. ಚೀಟಿ ಇದ್ದದ್ದನ್ನು ಎಷ್ಟೇ ಹಳೆಯದಾದರೂ ತೆಗೆಯಕೂಡದು.’ ಇಲ್ಲ! ‘ತೆಗೆದದ್ದನ್ನು ಒಂದು ದಿನ ಮೂಲೆಯಲ್ಲಿಡುವುದು.’ ಮೂಲೆ ಎಲ್ಲಿದೆ ಅಂಕಲ್? ಪೂರಾ ಗಲತ್! ಇದಕ್ಕಿಂತ ಏಜೆಂಟೇ…”

“ಇಲ್ಲ ಅಂದ್ರೆ ಇರಬೇಕಪ್ಪ,” ಎಂದರು ವೆಂಕಟಸುಬ್ಬಯ್ಯ. ದನಿ ಸಣ್ಣಗಿದ್ದರೂ ನಡುಗಲಿಲ್ಲ. “ನಾನು ಧಾರಾವಿಗೆ ಹೋಗಿ ಬಂದಿದೀನಿ.”

ಅಷ್ಟರಲ್ಲಿ ಬಾಂದ್ರಾದ ಪ್ರಫುಲ್ಲಾ ಬಂದೇಬಿಟ್ಟರು. ಕಾರವಾರದ ಕಡೆಯವರು, ಬಿಳಿಗೂದಲು, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. ಬೇರೆ ಪ್ರತಿ ಇಲ್ಲದ್ದರಿಂದ ಅದೇ ಹಾಳೆ ಅವರ ಕೈಗೆ ಹೋಯಿತು. ಅವರು ಓದುತ್ತ ಕೂತರು. ಅವರ ಗಮನ ಬೇರೆ ಕಡೆ ಸೆಳೆಯಲು ರಾಹುಲ್ ಕಂಪ್ಯೂಟರಿನ ಮುಂದೆ ಜಿಗಿದ.

“ಮ್ಯಾಡಮ್, ಇಲ್ಲಿ ನೋಡಿ. ಆರು ಏಜೆಂಟು ಕೆಲ್ಸ ಮಾಡ್ತಾ ಇವೆ, ಎಲ್ಲಾ ಸ್ಲೋ. ಈಗ ಝಾಡೂ! ಏಕ್, ದೋ, ತೀನ್, ಚಾರ್. ಸಾಫ್!”

ನಿಜವಾಗಿಯೂ ಸಾಫಾಗಿತ್ತು. ಆದರೆ ಆರೂ ಏಜೆಂಟುಗಳು ಕೆಲಸ ನಿಲ್ಲಿಸಿ ಕೆಂಪು ಅಕ್ಷರದಲ್ಲಿ ‘ಒಳಗೆ ಬಿಡುತ್ತಿಲ್ಲ’ ಎಂದು ಒಕ್ಕೊರಲಿನಿಂದ ದೂರಿದವು. ರಾಹುಲ್ ಏನೇನೋ ಒತ್ತಿದ.

“ಏನಾಯ್ತಪ್ಪ?” ಎಂದರು ವೆಂಕಟಸುಬ್ಬಯ್ಯ.

“ಪಾಸ್‌ವರ್ಡ್ ಕೀ ಅಂಕಲ್… ಅವು ಒಳಗೆ ಬರೋಕೆ ಬೇಕಾದ ಕೀಲಿ. ಮೂರು ತಿಂಗಳ ಹಿಂದೆ ಅಲ್ಲೇ ಇಟ್ಟಿದ್ದೆ.”

“ಏಳು ದಿನದಿಂದ ಯಾರೂ ಮುಟ್ಟಿರಲಿಲ್ಲ.”

“ಹಾಂ.”

“ಚೀಟಿ ಅಂಟಿಸಿರಲಿಲ್ಲ.”

“ನಹೀಂ.”

“ಮೂಲೆಯೂ ಇಲ್ಲ.”

ಪ್ರಫುಲ್ಲಾ ಹಾಳೆಯಿಂದ ತಲೆಯೆತ್ತಿದರು. “ಇದನ್ನ ಬರೆದವರು ಯಾರು?”

“ಸಾರಿ ಮ್ಯಾಡಮ್, ಅದರಲ್ಲಿ ಮಿಸ್ಟೇಕ್ ಇದೆ. ಅಂಕಲ್ ನ್ಯೂ ಇದ್ದಾರೆ, ಟೂಲಿಗೂ ಅದಕ್ಕೂ ಮ್ಯಾಚ್ ಆಗೋದಿಲ್ಲ…”

“ಮಿಸ್ಟೇಕ್ ಇರೋದು ಟೂಲಿನಲ್ಲಿ,” ಎಂದರು ಪ್ರಫುಲ್ಲಾ. “ಝಾಡೂ ಥರದ್ದನ್ನ ನಾವು ಮೂರು ನೋಡಿದೆವು. ಎಲ್ಲವೂ ಎಷ್ಟು ಬೇಗ ಎಸೀತೇವೆ ಅಂತ ಹೇಳ್ತವೆ. ಎಸೆಯೋ ಮೊದಲು ಕೇಳ್ತೇವೆ ಅಂತ ಬರೆದವರು ಇವರೊಬ್ಬರೇ. ಈ ಹಾಳೆಯಲ್ಲಿ ಇದ್ದ ಹಾಗೆ ಮಾಡಿಕೊಡಿ, ನಾವು ತಕೊಳ್ತೇವೆ. ಎಷ್ಟು ದಿನ ಬೇಕು?”

ರಾಹುಲ್ ವೆಂಕಟಸುಬ್ಬಯ್ಯನವರನ್ನು ನೋಡಿದ. ಹಾಳೆಯನ್ನು ನೋಡಿದ. ಆಮೇಲೆ ಹೊಸ ಕೀಲಿ ಮಾಡಿ ಏಜೆಂಟುಗಳನ್ನು ಒಳಗೆ ಬಿಟ್ಟುಕೊಂಡು, ಆ ಹಾಳೆಯನ್ನು ಅಕ್ಷರ ಬಿಡದೆ ಅವುಗಳಿಗೆ ಒಪ್ಪಿಸಿ, ‘ಝಾಡೂವನ್ನು ಇದರಂತೆ ಬದಲಾಯಿಸಿ’ ಎಂದ. ವೆಂಕಟಸುಬ್ಬಯ್ಯನವರ ಕೈಪಿಡಿ ಬರೆಯಬೇಕಾಗಿದ್ದ ಏಜೆಂಟುಗಳು ವೆಂಕಟಸುಬ್ಬಯ್ಯನವರ ಕೈಪಿಡಿ ಓದಿ ಕೆಲಸಕ್ಕೆ ಇಳಿದವು. ಒಂದು ಏಜೆಂಟಂತೂ ನಡುವೆ ನಿಂತು ‘ಒಂದು ದಿನದ ಮೂಲೆ ಬಹಳ ಸ್ಪಷ್ಟವಾಗಿದೆ’ ಎಂದು ಬರೆಯಿತು. ವೆಂಕಟಸುಬ್ಬಯ್ಯನವರು ಅದನ್ನು ಎರಡು ಸಲ ಓದಿಸಿಕೊಂಡರು. ಮೂವತ್ತೊಂದು ವರ್ಷದಲ್ಲಿ ಯಾವ ಮಿಕ್ಸರೂ ಅವರಿಗೆ ಅಂಥ ಮಾತು ಹೇಳಿರಲಿಲ್ಲ. ಪ್ರಫುಲ್ಲಾ ಊಟ ಮುಗಿಸಿ ಬರುವಷ್ಟರಲ್ಲಿ ಹೊಸ ಝಾಡೂ ಪಟ್ಟಿ ತೋರಿಸಿ, ‘ಇದು ಯಾರದು?’ ಎಂದು ವಿನಯದಿಂದ ಕೇಳುತ್ತಿತ್ತು. ಸಂಜೆ ರಾಹುಲ್ ಕೊಟ್ಟ ಹೊಸ ಪತ್ರದಲ್ಲಿ ಪ್ರೊಬೇಷನ್ ಎಂಬ ಪದವಿರಲಿಲ್ಲ. ಅದರಲ್ಲಿ ‘ಮುಖ್ಯ ದಾಖಲೆ ಅಧಿಕಾರಿ’ ಎಂದಿತ್ತು. ಕಾರ್ಡು ಕೊನೆಗೂ ನಿಜವಾಯಿತು.

ಬಿಲ್ಡಿಂಗಿನ ಬೋರ್ಡಿನ ಮೇಲೆ ಈಗ ಹೊಸ ಹಾಳೆ ಇದೆ. ಚೆನ್ನಯ ಮೆಟ್ಟಿಲ ಬಳಿ ಒಂದು ದಿನದ ಮೂಲೆಗೆ ಹಳದಿ ಬಣ್ಣ ಬಳಿಸಿದ್ದಾರೆ. ಪೊಲೀಸರ ಟ್ರೆಡ್‌ಮಿಲ್ಲು ಹಿಂದೆ ಬರಲಿಲ್ಲ. ಅವರು ಕೇಳಲೂ ಇಲ್ಲ. ಗಣಪತಿ ಬಂದು ಚೌರಂಗದ ಮೇಲೆ ಕೂತ ದಿನ, ಸೊಸೈಟಿ ಮಾಡಿಸಿದ ಅಂಟುಚೀಟಿಗಳಲ್ಲಿ ಮೊದಲನೆಯದನ್ನು ಇಂದ್ರಾಬಾಯಿ ಪೀಠದ ಅಡಿಗೆ ಅಂಟಿಸಿದರು: ‘ತೆಗೆಯುವ ಮುನ್ನ ಕೇಳಿ: ಇಂದ್ರಾಬಾಯಿ, ನೆಲಮಹಡಿ.’ ಮೊದಲ ಆರತಿ ಅಧಿಕಾರಿಗಳಿಂದಲೇ ಆಗಬೇಕೆಂದು ಅವರೇ ಹಟ ಹಿಡಿದರು.

ಮರುದಿನ ಬೆಳಿಗ್ಗೆ ಲೋಕಲಿನಲ್ಲಿ ಎಂದಿನ ಗರ್ದಿ. ಜೋಗೇಶ್ವರಿ ಬರುವಾಗ ವೆಂಕಟಸುಬ್ಬಯ್ಯನವರ ಬೆನ್ನ ಹಿಂದೆ ನಗು ಕೇಳಿಸಿತು. ಯಾರೋ ಜೋರಾಗಿ ಓದಿದರು: “ಹಟಾನೇ ಸೇ ಪೆಹಲೇ ಪೂಛಿಯೇ: ವಿಮಲಾ, ತೀಸ್ರಾ ಮಾಲಾ.” ಇನ್ನೊಬ್ಬ ಕೇಳಿದ, “ಅಂಕಲ್, ಯೇ ವಿಮಲಾ ಕೌನ್ ಹೈ?”

ವೆಂಕಟಸುಬ್ಬಯ್ಯನವರು ಬೆನ್ನಿಗೆ ಕೈ ಹಾಕಿ ತಡಕಾಡಿ ಚೀಟಿಯನ್ನು ಕಿತ್ತರು. ಹೆಂಡತಿಯ ಅಕ್ಷರವೇ, ತೆಗೆಯುವ ಮುನ್ನ ವಿಮಲಾಳನ್ನು ಕೇಳಿ ಎಂದು. ಇಸ್ತ್ರಿ ಮಾಡಿದ ಅಂಗಿ ಕೊಡುವಾಗ ಆಕೆ ಯಾಕೆ ಅಷ್ಟು ಹೊತ್ತು ಕಾಲರು ಸರಿಮಾಡಿದಳು ಎಂದು ಈಗ ತಿಳಿಯಿತು. ನಗು ಬಂತು. ಚೀಟಿಯನ್ನು ಎಸೆಯಲಿಲ್ಲ. ಎಲ್ಲರಿಗೂ ಕಾಣುವಂತೆ ಅಂಗಿಯ ಮುಂಭಾಗಕ್ಕೆ, ಜೇಬಿನ ಮೇಲೆ ಒತ್ತಿ ಅಂಟಿಸಿಕೊಂಡು, “ಮೇರೇ ಮುಖ್ಯ ಅಧಿಕಾರಿ,” ಎಂದು ಉತ್ತರ ಕೊಟ್ಟು, ಎದೆ ಮುಂದೆ ಮಾಡಿ ಜೋಗೇಶ್ವರಿಯಲ್ಲಿ ಇಳಿದರು.